ಅಪ್ಪ ಖಾಲಿ ಬಿಟ್ಟು ಬಂದ ಲೆಕ್ಕ

ಅಪ್ಪ ನಲವತ್ತಾರನೆಯ ವಯಸ್ಸಿನಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಕೂತರು. ಕೋಪರಿಯ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ನಿಂತು ಅವರ ಕಾಲಿನ ನರಗಳು ಉಬ್ಬಿಹೋಗಿದ್ದವು. ಮಹಾಪೆಯಲ್ಲಿ ಆಗ ಐಟಿ ಕಂಪನಿಗಳು ಒಂದೊಂದಾಗಿ ಬರುತ್ತಿದ್ದವು. ಅಲ್ಲಿನ ಒಂದು ಕ್ಯಾಂಟೀನಿನಲ್ಲಿ ಕೂತು ಮಾಡುವ ಸೂಪರ್‌ವೈಸರ್ ಕೆಲಸವಿತ್ತು, ಆದರೆ ಎಸ್ಸೆಸ್ಸಿ ಪಾಸಾಗಿರಬೇಕು. ಫಲಿತಾಂಶದವರೆಗೆ ಕಾಯುತ್ತೇವೆ ಎಂದಿದ್ದರು. ಅಪ್ಪ ಕನ್ನಡ ರಾತ್ರಿಶಾಲೆಗೆ ಸೇರಿದ್ದರು.

ಗಣಿತಕ್ಕೆ ನಾನೇ ಟೀಚರ್. ಕಾಲೇಜಿಗೆ ಹೊಸದಾಗಿ ಸೇರಿದ್ದೆ, ತಲೆ ತುಂಬ ಜಂಬ. ಡೊಂಬಿವಲಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಮಾತೆಲ್ಲ ತುಳು, ಲೆಕ್ಕ ಮಾತ್ರ ಕನ್ನಡ. ಅಪ್ಪನ ರಜೆಯ ಮಧ್ಯಾಹ್ನ ಎರಡು ಸಮೀಕರಣಗಳನ್ನು ಒಂದರ ಕೆಳಗೊಂದು ಬರೆದುಕೊಡುತ್ತಿದ್ದೆ. ಎರಡನ್ನೂ ತಕ್ಕ ಸಂಖ್ಯೆಯಿಂದ ಗುಣಿಸಿ, ವೈಗಳನ್ನು ಸಮ ಮಾಡಿ, ಕಳೆದು, ಎಕ್ಸ್ ಹಿಡಿಯಬೇಕು. ಅಪ್ಪ ಪೆನ್ನು ಮುಟ್ಟದೆ ಕಾಗದವನ್ನೇ ನೋಡಿ ಉತ್ತರ ಹೇಳಿಬಿಡುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ಅದಕ್ಕೇ ನನಗೆ ಉರಿ. ಹಂತಗಳೆಲ್ಲಿ ಎಂದು ರೇಗುತ್ತಿದ್ದೆ. ಅವರು ಏನೋ ಹೇಳಲು ಬಾಯಿ ತೆರೆದರೆ, ಪುಸ್ತಕದಲ್ಲಿದ್ದಂತೆ ಮಾಡಿ ಎಂದು ತಡೆಯುತ್ತಿದ್ದೆ.

ಒಂದು ದಿನ ನನ್ನ ತಾಳ್ಮೆ ತಪ್ಪಿತು.

"ಹಂತ ಇಲ್ಲದ ಉತ್ತರ ಪಕ್ಕದವನ ಪೇಪರ್ ನೋಡಿ ಕದ್ದ ಹಾಗೆ ಪಪ್ಪ. ಅದಕ್ಕಿಂತ ಖಾಲಿ ಬಿಡೋದೇ ಮರ್ಯಾದೆ."

ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತರು.

ಫಲಿತಾಂಶ ಬಂತು. ಗಣಿತ ಒಂದರಲ್ಲೇ ಫೇಲು, ಮೂರು ಅಂಕಕ್ಕೆ. ಅಪ್ಪ ಮಡಚಿಟ್ಟಿದ್ದ ಪ್ರಶ್ನೆಪತ್ರಿಕೆ ತೆಗೆದು, ನಾಲ್ಕು ಅಂಕದ ಸಮೀಕರಣಗಳ ಮೇಲೆ ಬೆರಳಿಟ್ಟು, ಇದನ್ನು ಬಿಟ್ಟು ಬಂದೆ ಎಂದರು. ಬರಲಿಲ್ಲವೇ ಎಂದು ಕೇಳಿದೆ.

"ಉತ್ತರ ಗೊತ್ತಿತ್ತು ಮಗಾ. ಐದು, ಎರಡು. ಹಂತ ನೆನಪಿಗೆ ಬರ್ಲಿಲ್ಲ. ಕದ್ದ ಹಾಗೆ ಆಗ್ತದಲ್ಲ ಅಂತ ಖಾಲಿ ಬಿಟ್ಟೆ."

ಉತ್ತರ ಹೇಗೆ ಗೊತ್ತಾಯಿತು ಎಂದು ಆಗ, ಮೊದಲ ಸಲ, ಕೇಳಿದೆ. ಮೂರು ಎಕ್ಸ್, ಎರಡು ವೈ ಸೇರಿ ಹತ್ತೊಂಬತ್ತು. ಎರಡು ಎಕ್ಸ್, ಮೂರು ವೈ ಸೇರಿ ಹದಿನಾರು. ಅಪ್ಪ ಸಂಕೋಚದಿಂದ ವಿವರಿಸಿದರು: ಎರಡನ್ನೂ ಕೂಡಿಸಿದರೆ ಎಕ್ಸ್, ವೈ ಐದೈದು, ಒಟ್ಟು ಮೂವತ್ತೈದು, ಅಂದರೆ ಎಕ್ಸ್, ವೈ ಸೇರಿ ಏಳು. ಒಂದರಿಂದ ಇನ್ನೊಂದನ್ನು ಕಳೆದರೆ ಅವುಗಳ ವ್ಯತ್ಯಾಸ ಮೂರು. ಏಳಕ್ಕೆ ಮೂರು ಕೂಡಿಸಿದರೆ ಹತ್ತು, ಅದರ ಅರ್ಧ ಎಕ್ಸ್.

ಹಂತಗಳೆಂದರೆ ಅವೇ. ಹೇಳಿದ್ದನ್ನು ಹಾಗೇ ಬರೆದಿದ್ದರೆ ನಾಲ್ಕಕ್ಕೆ ನಾಲ್ಕೂ ಸಿಗುತ್ತಿತ್ತು.

"ಇದು ಸರಿಯಾ?" ಎಂದರು ಅಪ್ಪ.

ಸರಿ ಎಂದರೆ ಆ ಕ್ಯಾಂಟೀನಿನ ಕೆಲಸ ತಪ್ಪಿದ್ದು ನನ್ನಿಂದ ಎಂದು ಅವರಿಗೆ ತಿಳಿಯುತ್ತಿತ್ತು. ಪುಸ್ತಕದಲ್ಲಿ ಹಾಗಿಲ್ಲ ಎಂದೆ. ಆ ಮಾತಿಗೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಹೌದು, ಹಾಗಿಲ್ಲ ಎಂದು ಒಪ್ಪಿಕೊಂಡು, ಅಪ್ಪ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟರು.