ನುಣುಪು ಕಾಂಕ್ರೀಟಿನ ಮೇಲೆ ಅಪ್ಪ ಕಟ್ಟಿದ ಇಟ್ಟಂಗಿ

ಸಂಜೆ ಆರು ಗಂಟೆ. ಹೊಳೆ ಉಕ್ಕಿ ಬಂದರೆ ನೀರು ಒಳಗೆ ನುಗ್ಗದಿರಲೆಂದು, ಕುರುಂದವಾಡದ ನಮ್ಮ ಮನೆಯ ಬಾಗಿಲಲ್ಲಿ, ಹಳೆಯ ಕಾಂಕ್ರೀಟಿನ ಮೇಲೆ ಗೌಂಡಿ ಇಂದು ಮೂರು ಸಾಲು ಇಟ್ಟಂಗಿ ಕಟ್ಟಿದ. ಹಸಿ ಸಿಮೆಂಟಿನ ವಾಸನೆಗೆ ಅಪ್ಪ ನೆನಪಾದ.

ನಾನು ಚಿಕ್ಕವಳಿದ್ದಾಗ ಇದೇ ಬಾಗಿಲಲ್ಲಿ ಅಪ್ಪ ತಾನೇ ಇಟ್ಟಂಗಿ ಕಟ್ಟಿದ್ದ. ಸಿಮೆಂಟು ಹಿಡಿಯಲು ಕಾಂಕ್ರೀಟನ್ನು ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಬೇಕಿತ್ತು, ಮಾಡಲಿಲ್ಲ. ನೀರು ಇಟ್ಟಂಗಿಯ ಅಡಿಯಿಂದಲೇ ನುಗ್ಗಿ, ವರ್ಷದ ಜೋಳವೆಲ್ಲ ನೆನೆಯಿತು.

“ಗೌಂಡೀನ್ನ ಕರೀರಿ ಅಂದ್ರ ಕೇಳಿದ್ರೇನು? ಹೊಳಿಗೆ ನೀವ ಹಾದಿ ಮಾಡಿಕೊಟ್ರಿ,” ಎಂದು ಅವ್ವ ಬೈದಳು.

“ಹೊಳೀಗೂ ನನ್ನಂಗ ಭಾಳ ಅವಸರ ಅದ,” ಎಂದ ಅಪ್ಪ. ಒದ್ದೆ ಜೋಳ ಹರವುತ್ತಲೇ ಅವ್ವ ನಕ್ಕುಬಿಟ್ಟಳು.

ಅಪ್ಪ ಹೋಗಿ ಬಹಳ ಕಾಲವಾಯಿತು. ಅವ್ವ ಹೋದ ತಿಂಗಳು ತೀರಿಕೊಂಡಳು. ಇಂದು ಕಚ್ಚು ಹೊಡೆಸಿದ್ದೇನೆ. ಆದರೂ ತಪ್ಪಾದರೆ ಬೈಯಲು ಈ ಮನೆಯಲ್ಲಿ ಯಾರೂ ಇಲ್ಲ.

ನಾಳೆ ಮುಂಜಾನೆ ಇಟ್ಟಂಗಿಗೆ ನೀರು ಹೊಡೆಯಬೇಕು.