ತಕ್ಕಡಿಯಣ್ಣನ ಮುಷ್ಟಿಯ ತೂಕ

ಮೂವತ್ತೊಂದು ವರ್ಷ ಅಂಗಡಿಕಾರರ ತಕ್ಕಡಿ ರಿಪೇರಿ ಮಾಡಿದವನಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುವುದಿಲ್ಲ. ತಟ್ಟೆಯಡಿ ಮೆತ್ತಿದ ಮೇಣ, ಬಗ್ಗಿಸಿದ ಮುಳ್ಳು, ಒಳಗೇ ಕೊರೆದು ಹಗುರ ಮಾಡಿದ ತೂಕದ ಬಟ್ಟು, ಎಲ್ಲವನ್ನೂ ತಕ್ಕಡಿಯಣ್ಣ ಕಂಡಿದ್ದ. ಆಸ್ಪತ್ರೆಯವರನ್ನೂ ಮೊದಲ ದಿನದಿಂದಲೇ ಓರೆಗಣ್ಣಿನಿಂದ ನೋಡುತ್ತಿದ್ದ.

ಅವನಿಗೆ ಎ.ಎಲ್.ಎಸ್. ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಬಲಗೈಯಿಂದ ಸ್ಕ್ರೂಡ್ರೈವರ್ ಜಾರಿದ್ದೇ ಶುರು. ಹೊಸ ಔಷಧಿಯೊಂದರ ಸಂಶೋಧನೆಗೆ ಹೆಸರು ಕೊಟ್ಟಿದ್ದ. ಅರ್ಧ ಜನರಿಗೆ ಔಷಧಿ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಬರೀ ಪುಡಿಯ ಮಾತ್ರೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲವಂತೆ. ಈ ಮಾತು ಅವನ ಗಂಟಲಲ್ಲಿ ಇಳಿದಿರಲಿಲ್ಲ.

ತಿಂಗಳಿಗೊಮ್ಮೆ ನರ್ಸಮ್ಮ ಸಣ್ಣ ಯಂತ್ರವೊಂದನ್ನು ಕೈಗಿಟ್ಟು ಮುಷ್ಟಿ ಬಿಗಿಯಲು ಹೇಳುತ್ತಿದ್ದಳು. ಹತ್ತೊಂಬತ್ತು ಕಿಲೋ, ಆಮೇಲೆ ಹದಿನಾರು, ಆಮೇಲೆ ಹದಿಮೂರು. ಆದರೆ ಅವನೇ ಹಳೆಯ ಸ್ಪ್ರಿಂಗ್ ತಕ್ಕಡಿಗೆ ಎರಡು ಹಿಡಿಕೆ ಕೂಡಿಸಿ ಮನೆಯಲ್ಲಿ ಮಾಡಿಕೊಂಡಿದ್ದ ಅಂಥದ್ದೇ ಯಂತ್ರದಲ್ಲಿ, ಒಮ್ಮೆ ಹದಿನೇಳಕ್ಕೆ ಇಳಿದ ಮುಳ್ಳು ಮರುದಿನವೇ ಹತ್ತೊಂಬತ್ತಕ್ಕೆ ಏರಿ ಅಲ್ಲೇ ನಿಂತಿತ್ತು. ಅಂದಮೇಲೆ ಕಳ್ಳ ತಕ್ಕಡಿ ಆಸ್ಪತ್ರೆಯದೇ. ಇವನಿಗೆ ಪುಡಿ ಕೊಟ್ಟು, ಕೈ ಸೋತಿತೆಂದು ಬರೆದುಕೊಂಡರೆ ಅವರ ಔಷಧಿ ಗೆದ್ದಂತಾಯಿತಲ್ಲ!

ನಾಲ್ಕನೆಯ ತಿಂಗಳು ಹೆಸರು ತೆಗೆಸಲೆಂದೇ ಹೊರಟ. ಹೆಂಡತಿಯ ಕೈಯಲ್ಲಿ ಚೀಲ, ಚೀಲದಲ್ಲಿ ಸರ್ಕಾರಿ ಮುದ್ರೆಯ ಬಟ್ಟುಗಳು.

"ನಿಮ್ಮ ಮಿಷನ್ನಿಗೂ ಒಂದ್ಸಲ ಪರೀಕ್ಷೆ ಆಗ್ಲಿ ತಾಯಿ," ಎಂದ.

ನರ್ಸಮ್ಮ ನಕ್ಕು ಒಪ್ಪಿದಳು. ಹೆಂಡತಿ ಬಟ್ಟುಗಳನ್ನು ಯಂತ್ರದ ಹಿಡಿಕೆಗೆ ತೂಗುಹಾಕಿದಳು. ಐದಕ್ಕೆ ಐದು, ಹತ್ತಕ್ಕೆ ಹತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಿನ್ನೆಯೇ ಸರಿಮಾಡಿಸಿ ಇಟ್ಟಿರಬೇಕೆಂದು ಗೊಣಗಿ, ಸಂಶೋಧನೆ ಬಿಡುವವರ ಫಾರಂ ಕೇಳಿ ಪಡೆದ. ಪೆನ್ನು ತೆರೆಯುವಷ್ಟರಲ್ಲಿ ಹೆಂಡತಿ ಕಾಗದದ ಮೇಲೆ ಅಂಗೈ ಇಟ್ಟಳು.

"ಸಹಿ ಹಾಕ್ಬೇಡಿ. ಸುಳ್ಳು ಹೇಳ್ತಿರೋದು ಮನೇದು. ಸ್ಪ್ರಿಂಗ್ ನಾನೇ ಬದಲಾಯಿಸ್ದೆ."

"ಎಷ್ಟು ಸಲ?"

"ಮೂರು. ಪ್ರತಿ ಸಲಾನೂ ಸ್ವಲ್ಪ ಮೆತ್ತಂದು, ಮೆಲ್ಲಗೆ ಹಿಡಿದ್ರೂ ಮುಳ್ಳು ಏರ್ಲಿ ಅಂತ."

ರಿಪೇರಿ ಅಂಗಡಿಯಲ್ಲಿ ಅವನಿಗೆ ಸ್ಪ್ರಿಂಗು ಆರಿಸಿ ಕೊಡುತ್ತಿದ್ದವಳು ಅವಳೇ. ಮುಳ್ಳು ಹದಿನೇಳಕ್ಕೆ ಇಳಿದ ದಿನ ಅವನು ತಿಂಡಿ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಲಾರದೆ ಹಾಗೆ ಮಾಡಿದಳಂತೆ. ಅಂಥದ್ದೇ ಕೈಚಳಕ ಮಾಡಿದ ಅಂಗಡಿಕಾರರ ಮಾನವನ್ನು ಅವನು ನಡುಬೀದಿಯಲ್ಲಿ ಕಳೆದಿದ್ದುಂಟು. ಈಗ ಫಾರಂ ಆಚೆ ಸರಿಸಿ ಯಂತ್ರ ಹಿಡಿದು ಬಿಗಿದ. ಹನ್ನೊಂದು.

"ಬರ್ಕೊಳಮ್ಮ. ನಂಗೆ ಕೊಡ್ತಿರೋದು ಔಷಧೀನಾ, ಪುಡೀನಾ?"

"ನಿಜವಾಗ್ಲೂ ಗೊತ್ತಿಲ್ಲ ಯಜಮಾನ್ರೇ."

ಅವಳ ಮುಖವನ್ನೇ ದಿಟ್ಟಿಸಿದ. ಮುಂದಿನ ತಿಂಗಳ ಮಾತ್ರೆಯ ಡಬ್ಬಿ ತೆಗೆದುಕೊಂಡ.

ಬಸ್ಸಿನಲ್ಲಿ ಎರಡು ನಿಲ್ದಾಣ ಕಳೆದ ಮೇಲೆ ಹೆಂಡತಿಯ ಕಡೆ ತಿರುಗಿದ.

"ಮನೇಲಿ ಇನ್ನೇನೇನು ಬದಲಾಯಿಸಿದ್ದೀಯ?"

ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. "ಗಡಿಯಾರ. ಕಾಲು ಗಂಟೆ ಮುಂದಿಟ್ಟಿದೀನಿ. ಷರ್ಟಿನ ಗುಂಡಿ ನೀವೇ ಹಾಕ್ಕೊಳ್ಳೋಕೆ ಹೊತ್ತು ಬೇಕಲ್ಲ."

ಅವನು ಮೆಲ್ಲಗೆ ಮಣಿಕಟ್ಟು ಎತ್ತಿ ವಾಚು ನೋಡಿಕೊಂಡ.

"ಅದನ್ನೂ," ಎಂದಳು.