ಕಾರ್ತಿಕದಲ್ಲಿ ನೆಟ್ಟ ಸುಗಂಧರಾಜ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಸುಗಂಧರಾಜದ ಗೆಡ್ಡೆಯ ಒಣ ಸಿಪ್ಪೆಯನ್ನು ಆ ಉಗುರಿನಿಂದಲೇ ಬಿಡಿಸುತ್ತಿದ್ದರು. ಸೀಳಿನಲ್ಲಿ ಸಿಪ್ಪೆ ಸಿಕ್ಕಿಕೊಂಡರೆ ಹಲ್ಲಿನಿಂದ ಕಿತ್ತು ಉಗುಳಿ, ಇನ್ನೊಂದು ಗೆಡ್ಡೆ ಎತ್ತಿಕೊಳ್ಳುವರು.

ಅವರು ನನಗೆ ನೆಂಟರೇನಲ್ಲ. ಹಾರೋಹಳ್ಳಿ ಕಡೆಯಿಂದ ಕಾರ್ಖಾನೆಗಳು ಒಂದೊಂದೇ ಹಳ್ಳಿ ದಾಟಿಕೊಂಡು ಬರುತ್ತಿದ್ದ ಕಾಲ. ಜಮೀನು ಅಳೆಯುವ ತಂಡದಲ್ಲಿ ಹಂಗಾಮಿ ಕೆಲಸ ಸಿಕ್ಕಿ, ಕನಕಪುರ ತಾಲ್ಲೂಕಿನ ಆ ಊರಿನಲ್ಲಿ ಅವರ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದೆ. ಜಮೀನು ಕಳೆದುಕೊಳ್ಳುವ ಊರಿನವರು ಅಳೆಯಲು ಬಂದವನ ಜೊತೆ ಏಕೆ ಮಾತಾಡುತ್ತಾರೆ? ನಾನು ಟೀ ಅಂಗಡಿಗೆ ಹೋದರೆ ಬೆಂಚು ಖಾಲಿಯಾಗುತ್ತಿತ್ತು. ದೊಡ್ಡಮಳೂರಿನ ನಮ್ಮ ಮನೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ, ಆದರೂ ಪರದೇಶಿಯ ಹಾಗೆ ಇದ್ದೆ.

ದೊಡ್ಡಮ್ಮನೂ ಒಂಟಿ. ಗಂಡ ಬಿಟ್ಟ ಮೇಲೆ ತವರಿಗೆ ಬಂದವರು. ಅಪ್ಪ ಅರಿಶಿನ-ಕುಂಕುಮಕ್ಕೆಂದು ಹತ್ತು ಗುಂಟೆಯನ್ನು ಬಾಯಿಮಾತಿನಲ್ಲಿ ಕೊಟ್ಟು ತೀರಿಕೊಂಡಿದ್ದರು. ಕಾಗದದಲ್ಲಿ ಅದು ಬೇರೆ ಮನೆ ಮಾಡಿಕೊಂಡಿದ್ದ ಅವರ ತಮ್ಮನ ಹೆಸರಲ್ಲೇ ಇತ್ತು. ಆ ಹತ್ತು ಗುಂಟೆಯಲ್ಲಿ ವರ್ಷಗಟ್ಟಲೆ ಸುಗಂಧರಾಜ ಬೆಳೆದು, ಬಿಡಿ ಹೂವನ್ನು ಮೊದಲ ಬಸ್ಸಿಗೆ ಹಾಕಿ ಕನಕಪುರಕ್ಕೆ ಕಳಿಸುತ್ತಿದ್ದರು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ್ದರಿಂದ ಗೆಡ್ಡೆಗಳನ್ನೇ ಗದರುವುದು ಅಭ್ಯಾಸವಾಗಿತ್ತು. ನಾನು ನಕ್ಕರೆ, “ಬಾಯ್ಗೂ ಒಸಿ ಕೆಲ್ಸ ಬ್ಯಾಡ್ವಾ ಸರ್ವೆಯಪ್ಪ?” ಅನ್ನುವರು.

ಆ ವರ್ಷದ ಮುಂಗಾರಿನಲ್ಲಿ ಅವರು ನೆಡಲಿಲ್ಲ. “ಹೋಗೋ ಭೂಮಿಗೆ ಯಾಕಕ್ಕ ಬೇಸಾಯ?” ಎಂದು ತಮ್ಮ ತಡೆದಿದ್ದ. ಗೆಡ್ಡೆಯ ಚೀಲ ಅಟ್ಟದ ಮೇಲೆ ಉಳಿಯಿತು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಾನೇ ಬಾಯಿಬಿಟ್ಟೆ. ಅಳತೆಯ ದಿನ ಹೊಲದಲ್ಲಿ ಬೆಳೆ ಇದ್ದರೆ ಬೆಳೆದವರ ಹೆಸರನ್ನೂ ಪರಿಹಾರದ ಪಟ್ಟಿಯಲ್ಲಿ ಬರೆಯುತ್ತೇವೆ, ಇಲ್ಲದಿದ್ದರೆ ಖಾತೆದಾರನ ಹೆಸರೊಂದೇ ಎಂದೆ.

ಮುದ್ದೆ ಕಟ್ಟುತ್ತಿದ್ದ ಅವರ ಕೈ ನಿಂತಿತು. “ನನ್ನೆಸ್ರು ಬತ್ತದಾ?”

“ಬರುತ್ತೆ ದೊಡ್ಡಮ್ಮ.”

“ಹಂಗಾರೆ ನೆಟ್ಬುಡವ. ಭೂಮಿ ಹೋಗದು ಹೋಗ್ಲಿ. ಇಲ್ಲೊಬ್ಳು ಗೇದಿದ್ಲು ಅಂತ ಒಂದ್ ಕಡೆನಾದ್ರೂ ಇರ್ಲಿ.”

ಭಾನುವಾರ ಇಬ್ಬರೂ ಹೊಲಕ್ಕೆ ಹೋದೆವು. ಕಾರ್ತಿಕದ ಚಳಿ, ತಣ್ಣನೆಯ ಮಣ್ಣು. ನಾನು ಗೆಡ್ಡೆಯನ್ನು ಅಡ್ಡಡ್ಡ ಇಡುವುದನ್ನು ಕಂಡು, “ತಲೆ ಮೇಲ್ಕಿರ್ಲಿ. ಹೂಳ್ತಾ ಇಲ್ಲ ಕಣಪ್ಪ, ನೆಡ್ತಾ ಇರದು” ಎಂದು ಕೈ ಹಿಡಿದು ತಿದ್ದಿದರು. ಸಂಜೆಯ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. ಆ ಊರಿಗೆ ಬಂದ ಮೇಲೆ ನಾನು ಸಂತೋಷವಾಗಿದ್ದ ದಿನ ಅದೊಂದೇ.

ಕಾಲ ಮೀರಿ ನೆಟ್ಟ ಗೆಡ್ಡೆ ಚಳಿಗೆ ಏಳಲೇ ಇಲ್ಲ. ದೊಡ್ಡಮ್ಮ ದಿನವೂ ಬದುವಿನ ಮೇಲೆ ಕೂತು, “ಏಳ್ರವ್ವ, ಇನ್ನೂ ಏಟೊತ್ತು ಮನಿಕಂಡಿರ್ತೀರಿ?” ಎಂದು ಕೂಗುವರು. ನಾಲ್ಕನೇ ವಾರ, ಅಂದುಕೊಂಡದ್ದಕ್ಕಿಂತ ಮೊದಲೇ, ಅಳತೆಯ ದಿನ ಬಂದೇಬಿಟ್ಟಿತು.

ನಮ್ಮ ತಂಡದ ಸಾಹೇಬರು ಹೊಲದ ಅಂಚಿನಲ್ಲಿ ನಿಂತು ನೋಡಿದರು. ಕಣ್ಣಿಗೆ ಕಂಡದ್ದು ಬರೀ ಮಣ್ಣು. ರಿಜಿಸ್ಟರು ನನ್ನ ಕೈಯಲ್ಲಿತ್ತು.

“ಒಳಗೈತೆ ಸಾಮಿ” ಅಂದರು ದೊಡ್ಡಮ್ಮ. ಕೂತು, ಬೆರಳಿನಿಂದ ಮಣ್ಣು ಕೆದಕಿ ಒಂದು ಗೆಡ್ಡೆ ಎತ್ತಿ ತೋರಿಸಿದರು. ಅದಕ್ಕೆ ಬಿಳಿ ಬೇರು ಬಂದಿತ್ತು.

“ನಾವು ಬರೋ ಸುದ್ದಿ ಕೇಳಿ ನಿನ್ನೆ ಹೂತಿಟ್ಟಿದ್ದೀಯೇನಮ್ಮ?” ಎಂದು ಸಾಹೇಬರು ನಕ್ಕರು. ತಮ್ಮ ಬೇರೆಲ್ಲೋ ನೋಡುತ್ತಿದ್ದ.

“ಇವ್ರನ್ನ ಕೇಳಿ ಸಾಮಿ. ನನ್ ಜೊತೆ ಕುಂತು ನೆಟ್ಟವ್ರೆ.”

ಸಾಹೇಬರು ನನ್ನತ್ತ ತಿರುಗಿದರು. ಹೌದು ಎಂದರೆ, ಅಳೆಯಲು ಬಂದವನು ಊರಿನವರ ಜೊತೆ ಸೇರಿಕೊಂಡಿದ್ದಾನೆ ಎಂದಾಗುತ್ತಿತ್ತು. ಹಂಗಾಮಿ ಕೆಲಸ, ಒಂದು ಮಾತಿಗೆ ಹೋಗುವಂಥದ್ದು. ನಾನು ತಲೆ ತಗ್ಗಿಸಿದೆ. “ಬೆಳೆ ಇಲ್ಲ ಅಂತ ಬರ್ಕೊಳ್ಳಿ” ಅಂದರು. ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದೇ ಆ ಕೆಲಸ ಕೊಟ್ಟಿದ್ದರು.

ದೊಡ್ಡಮ್ಮ ಆ ಗೆಡ್ಡೆಯನ್ನು ಮತ್ತೆ ಅದೇ ಗುಳಿಯಲ್ಲಿಟ್ಟು ಮಣ್ಣು ಮುಚ್ಚಿದರು. ಸಂಜೆ ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಅವರೇ ಮುದ್ದೆ, ಸೊಪ್ಪಿನ ಸಾರು ತಂದು ಬಾಗಿಲಲ್ಲಿಟ್ಟು, “ಉಣ್ಣಪ್ಪ, ಆರೋಯ್ತದೆ” ಎಂದು ಹೋದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸಂಕ್ರಾಂತಿಗೆ ಮೊದಲು ಹತ್ತು ಗುಂಟೆಯೂ ಹಸಿರಾಯಿತು. ಪಟ್ಟಿಗೆ ಸಹಿ ಬಿದ್ದಾಗಿತ್ತು. ಬೇಸಿಗೆಯಲ್ಲಿ ಜೆಸಿಬಿ ಬಂತು, ಅಷ್ಟರಲ್ಲಿ ನನ್ನನ್ನು ಮಾಗಡಿಗೆ ಹಾಕಿದ್ದರು. ಅಲ್ಲಿ ಕೆಲಸ ಕಾಯಂ ಆಯಿತು. ಒಮ್ಮೆ ಹೋಗಿ ಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮುಖ ತೋರಿಸಲಾಗದೆ ಹೋಗಲಿಲ್ಲ.

ಕೊನೆಗೆ ಹೋದದ್ದು ಅವರ ತಿಥಿಗೆ. ಎಲೆ ಹಾಕುತ್ತಿದ್ದ ತಮ್ಮನ ಸೊಸೆ, ನಾನು ಊರು ಬಿಟ್ಟ ಮೇಲೆ ಆ ಮನೆಗೆ ಬಂದ ಹುಡುಗಿ, ಅಳತೆಗೆ ಬಂದಿದ್ದವನು ನಾನು ಎಂದು ಕೇಳಿ ನಿಂತಳು. “ನೀವೇನಾ ಸರ್ವೆಯಪ್ಪ? ದೊಡ್ಡಮ್ಮನ ಬಾಯಲ್ಲಿ ನಿಮ್ಮದೇ ಮಾತು. ಅಷ್ಟು ಓದಿರೋರು ಮಣ್ಣಲ್ಲಿ ಕುಂತು ನನ್ ಜೊತೆ ಗೆಡ್ಡೆ ನೆಟ್ರು ಅಂತ ಬಂದೋರ್ಗೆಲ್ಲ ಹೇಳೋರು.”

“ಇನ್ನೇನು ಹೇಳುತ್ತಿದ್ದರು?” ಎಂದು ಕೇಳಿದೆ.

“ಅಷ್ಟೇಯ” ಎಂದು ಅವಳು ಮುಂದಿನ ಎಲೆಗೆ ಹೋದಳು.

ಉಳಿದದ್ದನ್ನು ದೊಡ್ಡಮ್ಮ ಯಾರಿಗೂ ಹೇಳಿರಲಿಲ್ಲ. ಆ ಪಂಕ್ತಿಯಲ್ಲಿ ಕೂತು ನನಗೂ ಹೇಳಲಾಗಲಿಲ್ಲ. ಇಲ್ಲಿ ಹೇಳಿದ್ದೇನೆ.